ದಲಾಲಿ ಅಂಗಡಿಗೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇನ್ನೂ ಬೇಕಾ? ಪಟ್ಟಿ ಕನ್ನಡದಲ್ಲಿ ಬರುತ್ತಾ?

ಬ್ಯಾಡಗಿ ದಲಾಲಿ

ಎಲ್ಲರಿಗೂ ನಮಸ್ಕಾರ. ಬ್ಯಾಡಗಿ ಮಾರ್ಕೆಟ್‌ನಲ್ಲಿ ನಮ್ಮದು ಒಣಮೆಣಸಿನಕಾಯಿ ದಲಾಲಿ ಅಂಗಡಿ. ಅಪ್ಪ ಶುರು ಮಾಡಿದ್ದು, ಈಗ ನಾನೂ ತಮ್ಮನೂ ನೋಡಿಕೊಳ್ಳುತ್ತೇವೆ. ಪಟ್ಟಿ, ಅಂದರೆ ರೈತರ ಮಾಲು ಮಾರಿದ ಲೆಕ್ಕದ ಚೀಟಿ, ಹೊಡೆಯಲು 80 ಕಾಲಮ್ಮಿನ (ಸಾಲಿಗೆ 80 ಅಕ್ಷರ), 9 ಪಿನ್ನಿನ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇದೆ. 11 ವರ್ಷ ಆಯಿತು.

ಒಂದು ತಿಂಗಳಿಂದ ಪ್ರತಿ ಸಾಲಿನಲ್ಲೂ ಅಕ್ಷರಗಳ ನಟ್ಟನಡುವೆ ಅಡ್ಡಲಾಗಿ ತೆಳ್ಳಗೆ ಬಿಳಿ ಗೆರೆ ಬರುತ್ತಿದೆ. ಮೂರನೇ ಕಾಪಿಯಲ್ಲಿ 8 ಯಾವುದು, 0 ಯಾವುದು ಅಂತ ಗೊತ್ತಾಗುವುದಿಲ್ಲ. ಹೋದ ಗುರುವಾರ ಕ್ವಿಂಟಲ್‌ಗೆ 38,000 ಅಂತ ಇದ್ದದ್ದನ್ನು ರೈತರೊಬ್ಬರು 30,000 ಅಂತ ಓದಿ, ಸಂಜೆ ಮನೆಗೆ ಹೋದ ಮೇಲೆ ಫೋನ್ ಮಾಡಿದರು. ಪಾಪ, ಅವರ ತಪ್ಪಲ್ಲ. ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಸೀಸನ್‌ನಲ್ಲಿ ಸೋಮವಾರ, ಗುರುವಾರ ಬಂತೆಂದರೆ ಒಂದೇ ದಿನ ನಮ್ಮಲ್ಲಿ 150 ಪಟ್ಟಿ ಆಗುತ್ತದೆ. ಪ್ರತಿಯೊಂದಕ್ಕೂ ಮೂರು ಕಾಪಿ. ರೈತರಿಗೆ, ಖರೀದಿದಾರರಿಗೆ, ನಮಗೆ. ತಮ್ಮ ಹೇಳುತ್ತಾನೆ, ಇದನ್ನು ತೆಗೆದುಹಾಕಿ ಲೇಸರ್ ತಗೊಳ್ಳೋಣ ಅಂತ. ಅಪ್ಪ ಬೇಡ ಅನ್ನುತ್ತಾರೆ. ಆದರೆ ಅಪ್ಪನದೇ ಇನ್ನೊಂದು ಆಸೆ ಇದೆ. ಪಟ್ಟಿ ಇಂಗ್ಲಿಷಿನಲ್ಲಿ ಬರುತ್ತೆ, ರೈತರು ಬೇರೆಯವರ ಹತ್ತಿರ ಓದಿಸಿಕೊಳ್ಳಬೇಕು, ಕನ್ನಡದಲ್ಲಿ ಬರುವ ಹಾಗೆ ಮಾಡು ಅಂತ. ಈ ಪ್ರಿಂಟರ್‌ನಲ್ಲಿ ಅದು ಆಗುತ್ತಾ? ತಿಳಿದವರು ದಯವಿಟ್ಟು ಹೇಳಿ.

ಹುಬ್ಬಳ್ಳಿ ಸರ್ವಿಸ್ ಬ್ಯಾಗ್

ಪ್ರಿಂಟರ್ ರಿಪೇರಿ ಕೆಲಸದಲ್ಲಿ ನನಗೆ 24 ವರ್ಷ. ಮೊದಲು ಬಿಳಿ ಗೆರೆಯ ವಿಷಯ ಮುಗಿಸೋಣ.

ಪ್ರಿಂಟರಿನಲ್ಲಿ ಅತ್ತಿತ್ತ ಓಡುವ ಹೆಡ್ಡಿನೊಳಗೆ 9 ತಂತಿಗಳು, ಅಂದರೆ ಪಿನ್ನುಗಳು, ಒಂದರ ಕೆಳಗೊಂದು ನಿಂತಿರುತ್ತವೆ. ಒಂದೊಂದು ತಂತಿಗೂ ಒಂದೊಂದು ಪುಟ್ಟ ಕಾಯಿಲ್. ಅದಕ್ಕೆ ಕರೆಂಟ್ ಬಂದ ಕ್ಷಣ ಆ ತಂತಿ ಚಿಮ್ಮಿ ರಿಬ್ಬನ್ನಿಗೆ ಬಡಿಯುತ್ತದೆ, ಮತ್ತೆ ಒಳಗೆ ಹೋಗುತ್ತದೆ. ರಿಬ್ಬನ್ನಿನ ಹಿಂದೆ ಕಾಗದ, ಕಾಗದದ ಹಿಂದೆ ಕಪ್ಪು ರಬ್ಬರ್ ರೋಲರ್. ಬಡಿದ ಜಾಗದಲ್ಲಿ ಒಂದು ಚುಕ್ಕಿ. ಹೆಡ್ಡು ಎಡದಿಂದ ಬಲಕ್ಕೆ ಓಡುತ್ತಾ ಸೆಕೆಂಡಿಗೆ ಸಾವಿರಾರು ಚುಕ್ಕಿ ಬಡಿಯುತ್ತೆ, ಅವೇ ಸೇರಿ ಅಕ್ಷರ ಆಗುತ್ತೆ. ಹೀಗೆ ಕಾಗದಕ್ಕೆ ಏಟು ಕೊಟ್ಟು ಅಚ್ಚು ಮಾಡುವ ಪ್ರಿಂಟರ್‌ಗಳಿಗೆಲ್ಲ ಇಂಪ್ಯಾಕ್ಟ್ ಪ್ರಿಂಟರ್ ಅಂತ ಹೆಸರು. ಲೇಸರ್, ಇಂಕ್‌ಜೆಟ್, ಥರ್ಮಲ್ ಇವು ಯಾವುವೂ ಬಡಿಯುವುದಿಲ್ಲ.

8ಕ್ಕೂ 0ಗೂ ಇರುವ ವ್ಯತ್ಯಾಸ ನಡುವಿನ ಅಡ್ಡಗೆರೆ ಒಂದೇ ಅಲ್ವಾ? ಆ ಗೆರೆ ಹೊಡೆಯುವುದು ಮೇಲಿನಿಂದ ನಾಲ್ಕನೇ ಪಿನ್. ನಿಮ್ಮದರಲ್ಲಿ ಅದೇ ಕೈಕೊಟ್ಟಿದೆ ಅಂತ ನನ್ನ ಲೆಕ್ಕ. ಮುರಿದಿರಬಹುದು, ಇಲ್ಲ ಅಂಟಿಕೊಂಡಿರಬಹುದು. ಪ್ರಿಂಟರ್ ಆಫ್ ಮಾಡಿ, ಲೈನ್ ಫೀಡ್ ಬಟನ್ ಒತ್ತಿ ಹಿಡಿದುಕೊಂಡು ಆನ್ ಮಾಡಿ. ಕಂಪ್ಯೂಟರ್ ಇಲ್ಲದೆ ತಾನೇ ಟೆಸ್ಟ್ ಪ್ರಿಂಟ್ ಹೊಡೆಯುತ್ತೆ. ಅದರಲ್ಲೂ ಅದೇ ಎತ್ತರದಲ್ಲಿ ಗೆರೆ ಬಂದರೆ ಪಿನ್ನಿನದೇ ದೋಷ.

ಒಂದು ಪ್ರಶ್ನೆ. ರಿಬ್ಬನ್ ಒಣಗಿದಾಗ ಏನು ಮಾಡುತ್ತೀರಿ?

ಬ್ಯಾಡಗಿ ದಲಾಲಿ

ಟೆಸ್ಟ್ ಮಾಡಿದೆ ಅಣ್ಣಾ. ಅದೇ ಜಾಗದಲ್ಲಿ ಗೆರೆ. ರಿಬ್ಬನ್ ಒಣಗಿದರೆ ಹುಡುಗರು ಸ್ಟಾಂಪ್ ಪ್ಯಾಡಿನ ಇಂಕ್ ನಾಲ್ಕು ಹನಿ ಹಾಕುತ್ತಾರೆ. ಎರಡು ವರ್ಷದಿಂದ ಹೀಗೇ ನಡೆದಿದೆ.

ಹುಬ್ಬಳ್ಳಿ ಸರ್ವಿಸ್ ಬ್ಯಾಗ್

ಅದನ್ನು ಇವತ್ತೇ ನಿಲ್ಲಿಸಿ. ರಿಬ್ಬನ್ನಿನ ಇಂಕ್ ಬಣ್ಣ ಮಾತ್ರ ಅಲ್ಲ, ಅದು ಎಣ್ಣೆಯೂ ಹೌದು. ಪಿನ್ನಿನ ತುದಿ ಪ್ರತಿ ಸಲ ಆ ಇಂಕಿಗೆ ತಾಗಿ ಬರುತ್ತೆ, ಆ ಜಿಡ್ಡಿನಿಂದಲೇ ಸಲೀಸಾಗಿ ಜಾರುತ್ತೆ. ಸ್ಟಾಂಪ್ ಪ್ಯಾಡಿನ ಇಂಕಿನಲ್ಲಿ ಆ ಜಿಡ್ಡಿಲ್ಲ. ಪಿನ್ನಿನ ಸುತ್ತ ಒಣಗಿ ಗಟ್ಟಿಯಾಗುತ್ತೆ. ಮೇಲಿಂದ ನಿಮ್ಮ ಊರಿನ ಮೆಣಸಿನಕಾಯಿ ಧೂಳು. ಎರಡೂ ಸೇರಿದರೆ ಅರೆದ ಚಟ್ನಿ ಹಾಗೆ ಕೂತುಬಿಡುತ್ತೆ.

ಪೂರ್ತಿ ಒಣಗಿದ ರಿಬ್ಬನ್ ಇನ್ನೂ ಕೆಟ್ಟದ್ದು. ಬಟ್ಟೆ ಸವೆದು ಎಳೆ ಏಳುತ್ತೆ. ಪಿನ್ ಅದಕ್ಕೆ ಸಿಕ್ಕಿಹಾಕಿಕೊಂಡಾಗ ಹೆಡ್ಡು ಓಡುತ್ತಿರುತ್ತೆ. ಪಿನ್ ಬಾಗುತ್ತೆ ಅಥವಾ ಮುರಿಯುತ್ತೆ. ಎಪ್ಸನ್ ಎಲ್‌ಎಕ್ಸ್-310ರ ರಿಬ್ಬನ್‌ಗೆ ಕಂಪನಿ ಹೇಳುವ ಆಯಸ್ಸು ಸುಮಾರು 40 ಲಕ್ಷ ಅಕ್ಷರ. ಪಟ್ಟಿಗೆ 800 ಅಕ್ಷರ ಅಂತ ಹಿಡಿದರೂ 5,000 ಪಟ್ಟಿ ಬರುತ್ತೆ. ಒಂದು ರಿಬ್ಬನ್ ಉಳಿಸಲು ಹೋಗಿ ಹೆಡ್ಡು ಕಳೆದುಕೊಂಡವರನ್ನು ನಾನು ಜಾಸ್ತಿ ನೋಡಿದ್ದೇನೆ.

ಶನಿವಾರ ಹಾವೇರಿ ಕಡೆ ಬರುವುದಿದೆ. ಹೆಡ್ಡು ಬಿಚ್ಚಿ ತೊಳೆದು ನೋಡೋಣ. ಅಲ್ಲಿಯವರೆಗೆ ಪ್ರಿಂಟರ್ ಸೆಟ್ಟಿಂಗ್‌ನಲ್ಲಿ ಸೊನ್ನೆಗೆ ಅಡ್ಡಗೀಟು ಬರುವ ಆಯ್ಕೆ ಇದ್ದರೆ ಹಾಕಿಕೊಳ್ಳಿ. ಎಪ್ಸನ್‌ಗಳಲ್ಲಿ ಇದೆ. 0 ಒಳಗೆ ಓರೆ ಗೆರೆ ಬಂದರೆ 8 ಜೊತೆ ಗೊಂದಲ ಕಡಿಮೆ.

ಜಯನಗರ ಡೆವಲಪರ್

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು. ತಿಳಿದುಕೊಳ್ಳಲು ಕೇಳುತ್ತಿದ್ದೇನೆ. ಲೇಸರ್‌ನಲ್ಲಿ ಮೂರು ಸಲ ಪ್ರಿಂಟ್ ಕೊಟ್ಟರೆ ಮೂರು ಕಾಪಿ ಬರುತ್ತೆ, ಮೂರೂ ಸ್ಪಷ್ಟ. ಕನ್ನಡವೂ ಚೆಂದ. ಬೇಕಿದ್ದರೆ ರೈತರಿಗೆ ವಾಟ್ಸಾಪ್‌ನಲ್ಲೂ ಕಳಿಸಬಹುದು. ಹಾಗಿದ್ದ ಮೇಲೆ ಬಡಿಯುವ ಪ್ರಿಂಟರ್ ಯಾಕೆ?

ನಿವೃತ್ತ ಬ್ಯಾಂಕ್ ಮ್ಯಾನೇಜರ್, ಮಂಗಳೂರು

ಒಳ್ಳೆಯ ಪ್ರಶ್ನೆ ತಮ್ಮಾ.

ಲೇಸರ್‌ನಲ್ಲಿ ಮೂರು ಸಲ ತೆಗೆದರೆ ಅವು ಮೂರು ಬೇರೆ ಬೇರೆ ಪ್ರಿಂಟ್. ಒಂದನೆಯದಕ್ಕೂ ಮೂರನೆಯದಕ್ಕೂ ನಡುವೆ ಒಂದು ಅಂಕಿ ಬದಲಾಯಿಸಲು ಅವಕಾಶ ಇದೆ. ಬದಲಾಯಿಸುತ್ತಾರೆ ಅಂತ ನಾನು ಹೇಳುತ್ತಿಲ್ಲ, ಅವಕಾಶ ಇದೆ ಅಷ್ಟೇ. ಡಾಟ್ ಮ್ಯಾಟ್ರಿಕ್ಸ್‌ನಲ್ಲಿ ಮೂರು ಹಾಳೆ ಒಂದರ ಮೇಲೊಂದು ಇರುವಾಗ ಒಂದೇ ಏಟು ಮೂರಕ್ಕೂ ಬೀಳುತ್ತದೆ. ರೈತನ ಕೈಯಲ್ಲಿ ಇರುವ ಅಂಕಿ ಮತ್ತು ದಲಾಲರ ಫೈಲಿನಲ್ಲಿ ಇರುವ ಅಂಕಿ ಒಂದೇ ಕ್ಷಣದಲ್ಲಿ ಹುಟ್ಟಿದವು. ಹಾಳೆ ತಿರುಗಿಸಿ ಬೆರಳಾಡಿಸಿದರೆ ಏಟಿನ ಗುರುತು ಕೂಡ ಸಿಗುತ್ತದೆ. ಕಾಗದದ ವ್ಯವಹಾರದಲ್ಲಿ ಇದು ದೊಡ್ಡ ಮಾತು.

1984ರಲ್ಲಿ ಬ್ಯಾಂಕುಗಳಿಗೆ ಯಂತ್ರ, ಕಂಪ್ಯೂಟರ್ ತರುವ ಬಗ್ಗೆ ರಂಗರಾಜನ್ ಸಮಿತಿ ವರದಿ ಬಂದ ಮೇಲೆ ನಮ್ಮ ಬ್ಯಾಂಕುಗಳಿಗೆ ಖಾತೆಗಳ ಲೆಕ್ಕ ಬರೆಯುವ ಲೆಡ್ಜರ್ ಪೋಸ್ಟಿಂಗ್ ಮೆಷಿನ್ ಬಂದವು. ನಾನು ಆಗಷ್ಟೇ ಕ್ಲರ್ಕ್ ಆಗಿ ಸೇರಿದ್ದೆ. ದಿನದ ಕೊನೆಗೆ ಪ್ರಿಂಟ್ ಶುರುವಾದರೆ ಶಾಖೆಯೆಲ್ಲ ಕರಕರ ಸದ್ದು. ಆ ಸದ್ದು ನಿಂತರೆ ಲೆಕ್ಕ ಮುಗಿಯಿತು, ಮನೆಗೆ ಹೋಗಬಹುದು ಅಂತ ಅರ್ಥ. ಈಗಲೂ ಪಾಸ್‌ಬುಕ್ ಹೊಡೆಯುವುದು ಇಂಪ್ಯಾಕ್ಟ್ ಪ್ರಿಂಟರ್‌ನಲ್ಲೇ. ಪಾಸ್‌ಬುಕ್ ದಪ್ಪ, ನಡುವೆ ಹೊಲಿಗೆ, ಒಂದು ಬದಿ ಎರಡು ಹಾಳೆ, ಇನ್ನೊಂದು ಬದಿ ಹತ್ತು ಹಾಳೆ. ಲೇಸರ್‌ನ ಬಿಸಿ ರೋಲರ್ ನಡುವೆ ಅದು ಹೋಗುವುದೇ ಇಲ್ಲ. ಆಲಿವೆಟ್ಟಿ ಪಿಆರ್2, ಎಪ್ಸನ್ ಪಿಎಲ್‌ಕ್ಯೂ ಥರದವು ಪುಸ್ತಕವನ್ನು ಮಡಿಸದೆ ಚಪ್ಪಟೆಯಾಗಿ ಒಳಗೆ ಎಳೆದುಕೊಂಡು 24 ಪಿನ್ನಿನಲ್ಲಿ ಹೊಡೆಯುತ್ತವೆ.

ಇನ್ನೊಂದು ಸಂಗತಿ ಹೇಳುತ್ತೇನೆ, ಬಹಳ ಜನ ಗಮನಿಸಿರುವುದಿಲ್ಲ. ಎಟಿಎಂ ಕಾರ್ಡಿನ ಪಿನ್ ನಂಬರು ಮುಚ್ಚಿದ ಲಕೋಟೆಯಲ್ಲಿ ಬರುತ್ತಿತ್ತಲ್ಲ? ಲಕೋಟೆ ಅಂಟಿಸಿದ ಮೇಲೆಯೇ ಒಳಗೆ ನಂಬರು ಅಚ್ಚಾಗುತ್ತಿತ್ತು. ಪ್ರಿಂಟರ್‌ನಿಂದ ರಿಬ್ಬನ್ ತೆಗೆದುಬಿಡುತ್ತಿದ್ದರು. ಪಿನ್ನುಗಳು ಹೊರಗಿನ ಹಾಳೆಗೆ ಬಡಿದಾಗ ಮೇಲೆ ಏನೂ ಕಾಣುತ್ತಿರಲಿಲ್ಲ, ಒಳಗಿನ ಕಾರ್ಬನ್ ಮೂಲಕ ನಂಬರು ಮೂಡುತ್ತಿತ್ತು. ಅಚ್ಚು ಮಾಡಿದವನೂ ನೋಡುವ ಹಾಗಿಲ್ಲ. ಏಟು ಕೊಡುವ ಪ್ರಿಂಟರ್ ಬಿಟ್ಟು ಬೇರೆ ಯಾವುದಕ್ಕೂ ಈ ಕೆಲಸ ಆಗದು.

ಫ್ರಾಂಕ್‌ಫರ್ಟ್ ಕನ್ನಡಿಗ

ಸದ್ದಿನ ಮಾತು ಬಂದಿದ್ದಕ್ಕೆ ಒಂದು ಸೇರಿಸುತ್ತೇನೆ. 2010ರಲ್ಲಿ ಇಲ್ಲಿಯ ಸಾರ್‌ಬ್ರ್ಯುಕೆನ್ ಸಂಶೋಧಕರು ಡಾಟ್ ಮ್ಯಾಟ್ರಿಕ್ಸ್ ಸದ್ದನ್ನು ಮೈಕಿನಲ್ಲಿ ಹಿಡಿದು, ಇಂಗ್ಲಿಷ್ ಬರಹದ ಶೇಕಡ 72ರವರೆಗೆ ಪದಗಳನ್ನು ಮರಳಿ ಓದಿ ತೋರಿಸಿದ್ದರು. ಎಷ್ಟು ಪಿನ್ ಒಟ್ಟಿಗೆ ಬಡಿಯುತ್ತವೋ ಅದರಂತೆ ಸದ್ದು ಬದಲಾಗುತ್ತೆ. ಜರ್ಮನಿಯಲ್ಲಿ ಬಹಳ ಡಾಕ್ಟರುಗಳು ಕಾಪಿ ಇರುವ ಚೀಟಿಗಾಗಿ ಈ ಪ್ರಿಂಟರ್ ಇಟ್ಟುಕೊಂಡಿದ್ದರು, ಹಾಗಾಗಿ ಅದು ದೊಡ್ಡ ಸುದ್ದಿ ಆಯಿತು. ಮಾರ್ಕೆಟ್ ಅಂಗಡಿಗೆ ಇದರಿಂದ ಭಯ ಇಲ್ಲ. ರೋಗಿಗಳ ವಿವರ ಅಚ್ಚು ಮಾಡುವವರು ಮಾತ್ರ ಪ್ರಿಂಟರನ್ನು ಜನ ಕೂರುವ ಜಾಗದಿಂದ ದೂರ ಇಡುವುದು ಒಳ್ಳೆಯದು.

ಲೆಕ್ಕಪತ್ರ ದಾವಣಗೆರೆ

ನಾನು ಜಿಎಸ್‌ಟಿ ಫೈಲಿಂಗ್ ಮಾಡಿಕೊಡುವವಳು. ಕಾನೂನಿನ ಕಡೆಯಿಂದ ಎರಡು ಮಾತು.

ಸರಕು ಮಾರಿದರೆ ಇನ್‌ವಾಯ್ಸ್ ಮೂರು ಪ್ರತಿ ಇರಬೇಕು ಅಂತ ಜಿಎಸ್‌ಟಿ ನಿಯಮ 48 ಹೇಳುತ್ತದೆ. ಮೂಲ ಪ್ರತಿ ಕೊಂಡವರಿಗೆ, ಎರಡನೆಯದು ಸಾಗಿಸುವವರಿಗೆ, ಮೂರನೆಯದು ಮಾರಿದವರಿಗೆ. ಸೇವೆಯಾದರೆ ಎರಡು ಸಾಕು. ಆದ್ದರಿಂದಲೇ 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೂ ಹಾರ್ಡ್‌ವೇರ್, ಔಷಧಿ ಹೋಲ್‌ಸೇಲ್, ಗೊಬ್ಬರದ ಅಂಗಡಿಗಳು ಡಾಟ್ ಮ್ಯಾಟ್ರಿಕ್ಸ್ ಬಿಡಲಿಲ್ಲ.

ಆದರೆ ಇ-ಇನ್‌ವಾಯ್ಸ್, ಅಂದರೆ ಸರ್ಕಾರದ ಪೋರ್ಟಲ್‌ನಲ್ಲಿ ದಾಖಲಾಗುವ ಬಿಲ್ಲು, ಮಾಡುವವರಿಗೆ ಈ ಮೂರು ಪ್ರತಿಯ ನಿಯಮ ಅನ್ವಯಿಸುವುದಿಲ್ಲ. ಅದೇ ನಿಯಮದ 6ನೇ ಉಪನಿಯಮದಲ್ಲಿ ಹಾಗೆ ಬರೆದಿದೆ. 2023ರ ಆಗಸ್ಟ್ 1ರಿಂದ ವಹಿವಾಟು 5 ಕೋಟಿ ದಾಟಿದವರು ಜಿಎಸ್‌ಟಿ ನಂಬರ್ ಇರುವ ಗಿರಾಕಿಗೆ ಇ-ಇನ್‌ವಾಯ್ಸ್ ಮಾಡಲೇಬೇಕು. ಮೂರು ಪ್ರತಿ ಬೇಕು ಅನ್ನುವ ಒಂದೇ ಕಾರಣಕ್ಕೆ ಡಾಟ್ ಮ್ಯಾಟ್ರಿಕ್ಸ್ ಇಟ್ಟುಕೊಂಡಿದ್ದರೆ, ಆ ಕಾರಣ ನಿಮಗೆ ಇನ್ನೂ ಉಳಿದಿದೆಯಾ ಅಂತ ಮೊದಲು ನೋಡಿಕೊಳ್ಳಿ.

ದಾಖಲೆಯ ಆಯಸ್ಸೂ ಮುಖ್ಯ. ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರ ಇಟ್ಟುಕೊಳ್ಳಬೇಕು. ಥರ್ಮಲ್ ಬಿಲ್ಲುಗಳನ್ನು ಚೀಲದಲ್ಲಿ ತುಂಬಿಕೊಂಡು ಬರುವವರಿದ್ದಾರೆ. ಅರ್ಧಕ್ಕರ್ಧ ಖಾಲಿ ಹಾಳೆ. ಅದರಲ್ಲಿ ಇಂಕೇ ಇರುವುದಿಲ್ಲ, ಕಾಗದದ ಮೇಲಿನ ಲೇಪನ ಬಿಸಿಗೆ ಕಪ್ಪಾಗಿರುತ್ತದೆ ಅಷ್ಟೇ. ಬಿಸಿಲು, ಸೆಕೆ ತಾಗಿದರೆ ಹಾಳು. ರಿಬ್ಬನ್ನಿನಲ್ಲಿ ಹೊಡೆದ 15 ವರ್ಷದ ಹಿಂದಿನ ಹಾಳೆಯನ್ನು ನಾನು ಹೋದ ತಿಂಗಳೂ ಓದಿದ್ದೇನೆ.

ಸಿಮೆಂಟ್ ಕಬ್ಬಿಣ

ಮೇಡಂ ಹೇಳಿದ್ದು ನನ್ನ ಕಥೆಯೇ. ಇ-ಇನ್‌ವಾಯ್ಸ್ ಶುರು ಮಾಡಿದ ಮೇಲೆ ನಮ್ಮ 9 ಪಿನ್ ಪ್ರಿಂಟರ್‌ನಲ್ಲಿ ಕ್ಯೂಆರ್ ಕೋಡ್ ಬರೀ ಕಪ್ಪು ಕಲೆ ಆಗಿ ಬರುತ್ತಿತ್ತು. ಫೋನು ಓದುವುದೇ ಇಲ್ಲ. ಎಷ್ಟು ಹೊಸ ರಿಬ್ಬನ್ ಹಾಕಿದರೂ ಅಷ್ಟೇ. ಯಾಕೆ ಹಾಗೆ?

ಹುಬ್ಬಳ್ಳಿ ಸರ್ವಿಸ್ ಬ್ಯಾಗ್

ಲೆಕ್ಕ ಹಾಕಿ ನೋಡಿ ಸರ್. ಇ-ಇನ್‌ವಾಯ್ಸ್‌ನ ಕ್ಯೂಆರ್‌ನಲ್ಲಿ ಡಿಜಿಟಲ್ ಸಹಿ ಸೇರಿರುತ್ತೆ. ಅದಕ್ಕೇ ಅದು ಬಹಳ ದಟ್ಟ. ಒಂದು ಬದಿಗೆ ನೂರರ ಆಸುಪಾಸು ಪುಟ್ಟ ಚೌಕ. ಅದನ್ನು 2 ಸೆಂಟಿಮೀಟರ್ ಅಗಲದಲ್ಲಿ ಹೊಡೆದರೆ ಒಂದು ಚೌಕಕ್ಕೆ 0.2 ಮಿಲಿಮೀಟರ್ ಸಿಗುತ್ತೆ. 9 ಪಿನ್ನಿನ ತಂತಿಯೇ ಸುಮಾರು 0.3 ಮಿಲಿಮೀಟರ್ ದಪ್ಪ. ಚೌಕಕ್ಕಿಂತ ಚುಕ್ಕಿಯೇ ದೊಡ್ಡದು. ರಿಬ್ಬನ್ ಎಷ್ಟು ಹೊಸದಾಗಿದ್ದರೂ ಏನೂ ಆಗದು. ಕ್ಯೂಆರ್ ಅನ್ನು 5 ಸೆಂಟಿಮೀಟರ್‌ಗೆ ದೊಡ್ಡದು ಮಾಡಿದರೆ 24 ಪಿನ್ನಿನಲ್ಲಿ ಓದುವ ಹಾಗೆ ತೆಗೆಯಬಹುದು. ಆದರೆ ನಿಮಗೆ ನನ್ನ ಸಲಹೆ, ಇ-ಇನ್‌ವಾಯ್ಸ್ ಲೇಸರ್‌ನಲ್ಲಿ ತೆಗೆಯಿರಿ. ಗೋಡೌನ್ ಚಲನ್, ಲೋಡಿಂಗ್ ಚೀಟಿ ಹಳೆಯದರಲ್ಲೇ ಇರಲಿ.

ಧೂಳಿನ ಮಾತೂ ಹೇಳಬೇಕು. ಲೇಸರ್ ಒಳಗೆ ಗಾಳಿ ಎಳೆದುಕೊಳ್ಳುವ ಫ್ಯಾನ್ ಇರುತ್ತೆ. ಸಿಮೆಂಟ್ ಧೂಳು, ಅಕ್ಕಿ ಗಿರಣಿಯ ತೌಡು, ಮೆಣಸಿನಕಾಯಿ ಪುಡಿ ಅದರ ಡ್ರಮ್ಮಿನ (ಅಚ್ಚು ಮೂಡಿಸುವ ಉರುಳೆ) ಮೇಲೆ ಕೂತರೆ ಹಾಳೆ ತುಂಬ ಗೆರೆ. ಒಂದು ಗಿರಣಿಯಲ್ಲಿ ಹೊಸ ಲೇಸರ್ ಇಟ್ಟ ಆರು ತಿಂಗಳಿಗೆ ಡ್ರಮ್ ಬದಲಾಯಿಸಿದ್ದೇನೆ. ಆಮೇಲೆ ಕರೆಂಟು. ಲೇಸರ್ ಬಿಸಿಯಾಗುವಾಗ ನೂರಾರು ವ್ಯಾಟ್ ಒಮ್ಮೆಲೇ ಎಳೆಯುತ್ತೆ, ಸಣ್ಣ ಯುಪಿಎಸ್ ಕಿರುಚಿಕೊಂಡು ಆಫ್ ಆಗುತ್ತೆ. 80 ಕಾಲಮ್ಮಿನ ಡಾಟ್ ಮ್ಯಾಟ್ರಿಕ್ಸ್‌ಗೆ ಕೆಲಸದ ಹೊತ್ತಿನಲ್ಲಿ ಒಂದು ಹಳೇ ಬಲ್ಬಿನಷ್ಟೂ ಬೇಡ. ಕರೆಂಟು ಹೋದರೂ ಪಟ್ಟಿ ನಿಲ್ಲುವುದಿಲ್ಲ.

ಹೋಟೆಲ್ ಅಡುಗೆಮನೆ, ಉಡುಪಿ

ನಮ್ಮಲ್ಲೂ ಒಂದಿದೆ. ಕೌಂಟರ್‌ನಲ್ಲಿ ಥರ್ಮಲ್. ಒಳಗೆ ಆರ್ಡರ್ ಚೀಟಿ ಬರುವುದು ಮಾತ್ರ ಪುಟ್ಟ ಇಂಪ್ಯಾಕ್ಟ್ ಪ್ರಿಂಟರ್, ಎಪ್ಸನ್ ಟಿಎಂ-ಯು220. ದೋಸೆ ಕಾವಲಿ ಹತ್ತಿರ ಥರ್ಮಲ್ ಚೀಟಿ ಸಿಕ್ಕಿಸಿದರೆ ಹತ್ತು ನಿಮಿಷಕ್ಕೆ ಹಾಳೆಯೇ ಕಪ್ಪಾಗುತ್ತೆ. ಇದು ಆಗುವುದಿಲ್ಲ. ಕೆಂಪು, ಕಪ್ಪು ಎರಡು ಬಣ್ಣದ ರಿಬ್ಬನ್ ಇರುವುದರಿಂದ "ಈರುಳ್ಳಿ ಬೇಡ" ಅನ್ನುವ ಸಾಲನ್ನು ಕೆಂಪಿನಲ್ಲಿ ಹೊಡೆಸುತ್ತೇವೆ. ಇನ್ನೊಂದು ಲಾಭ, ಆ ಸದ್ದು. ಎಕ್ಸಾಸ್ಟ್ ಫ್ಯಾನಿನ ಗದ್ದಲದಲ್ಲೂ ಹೊಸ ಆರ್ಡರ್ ಬಂತು ಅಂತ ಭಟ್ಟರಿಗೆ ಕೇಳುತ್ತೆ.

ಜಯನಗರ ಡೆವಲಪರ್

ಒಪ್ಪಿದೆ. ಇಷ್ಟೆಲ್ಲ ಕಾರಣ ಇರುತ್ತೆ ಅಂತ ನನಗೆ ಗೊತ್ತಿರಲಿಲ್ಲ. ಇನ್ನೊಂದು ಅನುಮಾನ. ಇಂಪ್ಯಾಕ್ಟ್ ಅಂದರೆ ಡಾಟ್ ಮ್ಯಾಟ್ರಿಕ್ಸ್ ಒಂದೇನಾ?

ನಿವೃತ್ತ ಬ್ಯಾಂಕ್ ಮ್ಯಾನೇಜರ್, ಮಂಗಳೂರು

ಅಲ್ಲ. ಟೈಪ್‌ರೈಟರಿನ ವಂಶವೇ ಇದು. ಡೇಸಿ ವೀಲ್ ಅಂತ ಇತ್ತು, ಹೂವಿನ ದಳದ ತುದಿಯಲ್ಲಿ ಅಕ್ಷರ ಕೆತ್ತಿರುತ್ತಿದ್ದರು. ಅಚ್ಚು ಬಹಳ ಚೆಂದ, ಆದರೆ ನಿಧಾನ. ಈಗ ಕಾಣುವುದಿಲ್ಲ.

ದೊಡ್ಡ ಕಚೇರಿಗಳಲ್ಲಿ ಲೈನ್ ಪ್ರಿಂಟರ್. 1959ರಲ್ಲಿ ಬಂದ ಐಬಿಎಂ 1403ರಲ್ಲಿ ಅಕ್ಷರಗಳ ಸರಪಳಿ ಗಿರಗಿರ ಸುತ್ತುತ್ತಿತ್ತು, ಬೇಕಾದ ಅಕ್ಷರ ಎದುರಿಗೆ ಬಂದ ತಕ್ಷಣ ಸುತ್ತಿಗೆ ಬಡಿಯುತ್ತಿತ್ತು. ನಿಮಿಷಕ್ಕೆ 600 ಸಾಲು. ಆಮೇಲೆ 1974ರಲ್ಲಿ ಪ್ರಿಂಟ್ರಾನಿಕ್ಸ್ ಕಂಪನಿ ಲೈನ್ ಮ್ಯಾಟ್ರಿಕ್ಸ್ ತಂದಿತು. ಹಾಳೆಯ ಅಗಲಕ್ಕೂ ಪುಟ್ಟ ಸುತ್ತಿಗೆಗಳ ಸಾಲು. ನಮ್ಮ ದೇಶದಲ್ಲಿ ಉದಯಪುರದ ಲಿಪಿ ಕಂಪನಿ ಇಂಥವನ್ನು ಮಾಡುತ್ತದೆ.

ಕರ್ನಾಟಕದ ನಂಟೂ ಇದೆ. ಟಿವಿಎಸ್ ಎಲೆಕ್ಟ್ರಾನಿಕ್ಸ್‌ನ ಕಾರ್ಖಾನೆ ತುಮಕೂರಿನ ಹತ್ತಿರ. ಅವರ ಎಂಎಸ್‌ಪಿ ಹೆಸರಿನ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇಲ್ಲದ ಅಂಗಡಿ ಒಂದು ಕಾಲದಲ್ಲಿ ಅಪರೂಪ. ವಿಪ್ರೋ ಪ್ರಿಂಟರ್ ವಿಭಾಗ 2000ದಲ್ಲಿ ಬೇರೆಯಾಗಿ ವೆಪ್ ಆಯಿತು, ಅದು ಬೆಂಗಳೂರಿನದು.

ಬ್ಯಾಡಗಿ ದಲಾಲಿ

ಎಲ್ಲರಿಗೂ ಧನ್ಯವಾದ. ಲೇಸರ್ ಬೇಡ ಅನ್ನುವುದು ತಮ್ಮನಿಗೂ ಈಗ ಒಪ್ಪಿಗೆಯಾಗಿದೆ. ಮೇಡಂ, ನಮ್ಮ ಪಟ್ಟಿ ಹೇಗೂ ಇ-ಇನ್‌ವಾಯ್ಸ್ ಅಲ್ಲ. ಈಗ ಕನ್ನಡದ ವಿಷಯ ಹೇಳಿ. ನಮ್ಮ ಸಾಫ್ಟ್‌ವೇರ್‌ನವರನ್ನು ಕೇಳಿದೆ. "ಡಾಟ್ ಮ್ಯಾಟ್ರಿಕ್ಸ್‌ನಲ್ಲಿ ಕನ್ನಡ ಆಗಲ್ಲ" ಅಂತ ಒಂದೇ ಮಾತಿನಲ್ಲಿ ಮುಗಿಸಿದರು.

ಹುಬ್ಬಳ್ಳಿ ಸರ್ವಿಸ್ ಬ್ಯಾಗ್

ಆಗುತ್ತೆ. ಯಾಕೆ ಕಷ್ಟ ಅಂತ ತಿಳಿದುಕೊಂಡರೆ ದಾರಿ ಸಿಗುತ್ತೆ.

ಪ್ರಿಂಟರ್ ಎರಡು ಥರ ಕೆಲಸ ಮಾಡುತ್ತೆ. ಒಂದು ಟೆಕ್ಸ್ಟ್ ಮೋಡ್. ಕಂಪ್ಯೂಟರು "ಎ" ಅನ್ನುವ ಅಕ್ಷರದ ಸಂಕೇತ ಮಾತ್ರ ಕಳಿಸುತ್ತೆ. ಯಾವ ಪಿನ್ ಯಾವಾಗ ಹೊಡೆಯಬೇಕು ಅನ್ನುವ ನಕ್ಷೆ ಪ್ರಿಂಟರಿನ ಚಿಪ್ಪಿನಲ್ಲೇ ಇರುತ್ತೆ. ಅದಕ್ಕೇ ಅಷ್ಟು ವೇಗ. ಆದರೆ ಆ ಚಿಪ್ಪಿನಲ್ಲಿ ಕನ್ನಡ ಅಕ್ಷರ ಇಲ್ಲ.

ಇನ್ನೊಂದು ಗ್ರಾಫಿಕ್ಸ್ ಮೋಡ್. ಇಡೀ ಹಾಳೆಯನ್ನು ಚಿತ್ರ ಮಾಡಿ ಚುಕ್ಕಿ ಚುಕ್ಕಿಯಾಗಿ ಕಳಿಸುವುದು. ವಿಂಡೋಸ್ ಡ್ರೈವರ್ ಹಾಕಿ ನುಡಿ ತಂತ್ರಾಂಶದಲ್ಲೋ ಯೂನಿಕೋಡ್ ಕನ್ನಡದಲ್ಲೋ ಬರೆದದ್ದನ್ನು ಪ್ರಿಂಟ್ ಕೊಟ್ಟರೆ ಆಗುವುದು ಇದೇ. ಕನ್ನಡ ಬರುತ್ತೆ, ಆದರೆ ನಿಧಾನ. ಒಂದೊಂದು ಸಾಲಿಗೂ ಹೆಡ್ಡು ಎರಡು ಮೂರು ಸಲ ಓಡಬೇಕು.

9 ಪಿನ್ನಿನಲ್ಲಿ ಇನ್ನೊಂದು ತೊಂದರೆ. ಇಂಗ್ಲಿಷ್ ಅಕ್ಷರ 9 ಚುಕ್ಕಿಯ ಎತ್ತರದಲ್ಲಿ ಹಿಡಿಯುತ್ತೆ. ನಮ್ಮದಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತಕ್ಷರ. "ಬ್ಯಾಡಗಿ"ಯಲ್ಲೇ ನೋಡಿ, ಬ ಕೆಳಗೆ ಯ ಒತ್ತು, ಗ ಮೇಲೆ ಗುಡಿಸು. ಆಮೇಲೆ ಹೊಟ್ಟೆ ಸೀಳುವ ಅಕ್ಷರಗಳು. ಪ ಮತ್ತು ಷ, ಬ ಮತ್ತು ಭ, ದ ಮತ್ತು ಧ. ಇವುಗಳ ನಡುವೆ ಇರುವುದು ಒಂದು ಸಣ್ಣ ಸೀಳು. 9 ಪಿನ್ನಿನ ದಪ್ಪ ಚುಕ್ಕಿಯಲ್ಲಿ ಆ ಸೀಳು ಮುಚ್ಚಿಹೋಗುತ್ತೆ. 24 ಪಿನ್ನಿನ ತಂತಿ ಸುಮಾರು 0.2 ಮಿಲಿಮೀಟರ್. ಪಿನ್ನುಗಳು ಎರಡು ಸಾಲಿನಲ್ಲಿ ಒಂದರ ಸಂದಿಯಲ್ಲಿ ಇನ್ನೊಂದು ಬರುವ ಹಾಗೆ ಇರುತ್ತವೆ. ಅದರಲ್ಲಿ ಸೀಳು ಉಳಿಯುತ್ತೆ.

ನಿವೃತ್ತ ಬ್ಯಾಂಕ್ ಮ್ಯಾನೇಜರ್, ಮಂಗಳೂರು

ವಿಂಡೋಸ್‌ಗೂ ಮುಂಚಿನ ಡಾಸ್ ಕಾಲದಲ್ಲಿ ಸರ್ಕಾರಿ ಸಂಸ್ಥೆ ಸಿ-ಡ್ಯಾಕ್‌ನವರ ಜಿಸ್ಟ್ ಕಾರ್ಡ್ ಅಂತ ಒಂದಿತ್ತು. ಕಂಪ್ಯೂಟರ್ ಒಳಗೆ ಸಿಕ್ಕಿಸಿದರೆ ಪರದೆಯ ಮೇಲೂ ಪ್ರಿಂಟರ್‌ನಲ್ಲೂ ಕನ್ನಡ ಬರುತ್ತಿತ್ತು. ಪ್ರಿಂಟರ್‌ನಲ್ಲಿ ಮೊದಲ ಸಲ ಕನ್ನಡ ಅಕ್ಷರ ಚುಕ್ಕಿ ಚುಕ್ಕಿಯಾಗಿ ಮೂಡಿದ್ದನ್ನು ನೋಡಲು ನಾವೆಲ್ಲ ಸುತ್ತ ನಿಂತಿದ್ದು ನೆನಪಿದೆ. ಆ ಹಾಳೆಯನ್ನು ಬಹಳ ವರ್ಷ ಜೋಪಾನ ಮಾಡಿದ್ದೆ.

ಲೆಕ್ಕಪತ್ರ ದಾವಣಗೆರೆ

ಇದಕ್ಕೆ ನನ್ನ ಅಪ್ಪ ಮಾಡುತ್ತಿದ್ದ ಉಪಾಯ ಇದೆ. ಅವರದು ಅಡಿಕೆ ವ್ಯಾಪಾರ. ಬದಲಾಗದ ಮಾತುಗಳನ್ನೆಲ್ಲ ಮೊದಲೇ ಪ್ರೆಸ್ಸಿನಲ್ಲಿ ಕನ್ನಡದಲ್ಲಿ ಅಚ್ಚು ಹಾಕಿಸಿಬಿಡುತ್ತಿದ್ದರು. ಅಂಗಡಿ ಹೆಸರು, "ರೈತರ ಹೆಸರು", "ಊರು", "ಚೀಲ", "ತೂಕ", "ದರ", "ಹಮಾಲಿ", "ಕೈಗೆ ಬಂದ ಮೊತ್ತ", ಗೆರೆಗಳು, ಎಲ್ಲ. ಪ್ರಿಂಟರ್ ಹೊಡೆಯುವುದು ಹೆಸರು ಮತ್ತು ಅಂಕಿ ಮಾತ್ರ. ಒಂದು ಪಟ್ಟಿಗೆ ಎಷ್ಟು ಮಾತು ಉಳಿಯಿತು ಹೇಳಿ?

ಹುಬ್ಬಳ್ಳಿ ಸರ್ವಿಸ್ ಬ್ಯಾಗ್

ಮೇಡಂ, ಇದೇ ಸರಿಯಾದ ದಾರಿ. ಗ್ರಾಫಿಕ್ಸ್ ನಿಧಾನ ಅನ್ನುವ ತೊಂದರೆಯೂ ಇದರಲ್ಲೇ ಹೋಗುತ್ತೆ. ಖಾಲಿ ಜಾಗದಲ್ಲಿ ಹೆಡ್ಡು ಓಡುವುದಿಲ್ಲ, ಕಾಗದ ಸರ್ರನೆ ಮುಂದಕ್ಕೆ ಹೋಗುತ್ತೆ. ಹಾಳೆಯಲ್ಲಿ ಹತ್ತು ಹನ್ನೆರಡು ಸಾಲು ಮಾತ್ರ ಹೊಡೆಯುವುದಿದ್ದರೆ ಗ್ರಾಫಿಕ್ಸ್ ಮೋಡ್‌ನಲ್ಲೂ ಬೇಗ ಮುಗಿಯುತ್ತೆ. ರೈತರ ಹೆಸರು, ಊರು ಕನ್ನಡದಲ್ಲೇ ಹೊಡೆಯಬಹುದು.

ಆದ್ದರಿಂದ ತಮ್ಮಾ, 80 ಕಾಲಮ್ಮಿನ 24 ಪಿನ್ ತಗೊಳ್ಳಿ. ಎಪ್ಸನ್ ಎಲ್‌ಕ್ಯೂ-310 ಥರದ್ದು. 24 ಪಿನ್ನಿನ ತಂತಿ ಸಣ್ಣದು, ಏಟು ಸ್ವಲ್ಪ ಮೃದು. 9 ಪಿನ್ನಿನ ಎಲ್‌ಎಕ್ಸ್-310 ಮೇಲಿನದು ಬಿಟ್ಟು 4 ಕಾಪಿ ತೆಗೆದರೆ ಇದು 3 ತೆಗೆಯುತ್ತೆ. ನಿಮಗೆ ಬೇಕಿರುವುದು 2. ಸಾಕಲ್ವಾ?

ಕಾಗದ ಕಾರ್ಬನ್‌ಲೆಸ್ ಮಾಡಿಸಿ. ಮೇಲಿನ ಹಾಳೆಯ ಬೆನ್ನಿಗೆ ಬಣ್ಣ ತುಂಬಿದ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳ ಲೇಪನ ಇರುತ್ತೆ. ಕೆಳಗಿನ ಹಾಳೆಯ ಮುಖಕ್ಕೆ ಜೇಡಿಮಣ್ಣಿನ ಥರದ ಇನ್ನೊಂದು ಲೇಪನ. ಏಟು ಬಿದ್ದಾಗ ಗುಳ್ಳೆ ಒಡೆದು ಬಣ್ಣ ಮೂಡುತ್ತೆ. 1950ರ ದಶಕದಲ್ಲಿ ಅಮೆರಿಕದ ನ್ಯಾಷನಲ್ ಕ್ಯಾಷ್ ರಿಜಿಸ್ಟರ್ ಕಂಪನಿ ತಂದದ್ದು. ಕೈ ಮಸಿ ಆಗುವುದಿಲ್ಲ. ಆದರೆ ಪ್ರೆಸ್ಸಿನವರು ಹಾಳೆಗಳ ಕ್ರಮ ತಪ್ಪಿಸಿದರೆ ಕಾಪಿ ಬರುವುದೇ ಇಲ್ಲ. ಲೋಡು ಇಳಿಸಿಕೊಳ್ಳುವ ಮೊದಲು ಉಗುರಿನಿಂದ ಗೀಚಿ ನೋಡಿ.

ಬ್ಯಾಡಗಿ ದಲಾಲಿ

(ಐದು ವಾರ ಬಿಟ್ಟು ಬರೆಯುತ್ತಿದ್ದೇನೆ.)

ಅಣ್ಣ ಬಂದು ಹಳೇ ಹೆಡ್ಡು ಬಿಚ್ಚಿ ತೊಳೆದರು. ಪಿನ್ ಮುರಿದಿರಲಿಲ್ಲ, ಅಂಟಿಕೊಂಡಿತ್ತು. ಗೆರೆ ಹೋಯಿತು. ಅದನ್ನು ಈಗ ತೂಕದ ಚೀಟಿಗೆ ಇಟ್ಟಿದ್ದೇವೆ. ಪಟ್ಟಿಗೆ ಹೊಸ 24 ಪಿನ್ ಬಂತು. ರಾಣೆಬೆನ್ನೂರಿನಲ್ಲಿ ಕನ್ನಡದ ಫಾರಂ ಅಚ್ಚು ಹಾಕಿಸಿದೆವು.

ಮೊದಲ ಎರಡು ದಿನ ಒದ್ದಾಡಿದೆವು. ಒಂದೊಂದು ಪಟ್ಟಿಗೂ ಅಂಕಿಗಳು ಗೆರೆ ಬಿಟ್ಟು ಜಾರುತ್ತಿದ್ದವು. ಅಣ್ಣ ಫೋನಿನಲ್ಲೇ ಹಿಡಿದರು. ವಿಂಡೋಸ್‌ನಲ್ಲಿ ಹಾಳೆ ಎ4 ಅಂತ ಇತ್ತು. ಪ್ರಿಂಟ್ ಸರ್ವರ್ ಪ್ರಾಪರ್ಟೀಸ್‌ಗೆ ಹೋಗಿ ನಮ್ಮ ಅಳತೆಯ ಹೊಸ ಫಾರಂ ಮಾಡಿದ ಮೇಲೆ ಒಂದು ಗೆರೆಯೂ ಜಾರಿಲ್ಲ.

ಸೋಮವಾರ ಒಬ್ಬ ಅಜ್ಜ ಪಟ್ಟಿ ತಗೊಂಡು ಬಾಗಿಲ ಹತ್ತಿರ ಬೆಳಕಿಗೆ ಹಿಡಿದು ತಾವೇ ಓದಿದರು. ಪ್ರತಿ ಸಲ ಮೊಮ್ಮಗನನ್ನು ಕರೆದುಕೊಂಡು ಬರುತ್ತಿದ್ದವರು. ಓದಿ ಮುಗಿಸಿ ಒಳಗೆ ಬಂದು ಬೆರಳಿಟ್ಟು ಕೇಳಿದರು, "ಹಮಾಲಿ ಹನ್ನೊಂದು ಚೀಲಕ್ಕೆ ಹಾಕೀರಿ, ನಂದು ಹತ್ತ ಚೀಲ ಅಲ್ಲೇನು?" ನೋಡಿದರೆ ಹತ್ತೇ. ನಮ್ಮ ಹುಡುಗ ತಪ್ಪು ಹೊಡೆದಿದ್ದ. ಅಪ್ಪ ಎದ್ದು ಬಂದು ಅವರ ಕೈ ಹಿಡಿದುಕೊಂಡರು, ಕೂರಿಸಿ ಚಹಾ ತರಿಸಿದರು, ಹೊಸ ಪಟ್ಟಿ ಹೊಡೆಸಿಕೊಟ್ಟರು.

ಒಂದೇ ಕೊರತೆ. ಮೂರನೇ ಕಾಪಿಯಲ್ಲಿ ಷ, ಧ ಸೀಳು ಸ್ವಲ್ಪ ಮಬ್ಬು.

ಹುಬ್ಬಳ್ಳಿ ಸರ್ವಿಸ್ ಬ್ಯಾಗ್

ಓದಿ ಖುಷಿಯಾಯಿತು. ಕಾಗದದ ದಪ್ಪಕ್ಕೆ ಒಂದು ಲಿವರ್ ಇದೆ ನೋಡಿ. ಅದನ್ನು ಒಂದು ಮನೆ ಕಡಿಮೆ ಮಾಡಿ. ಹೆಡ್ಡು ಹತ್ತಿರ ಬಂದರೆ ಏಟು ಗಟ್ಟಿಯಾಗುತ್ತೆ. ಎರಡು ಮನೆ ಕಡಿಮೆ ಮಾಡಬೇಡಿ, ರಿಬ್ಬನ್ ಉಜ್ಜಿ ಮೊದಲ ಹಾಳೆ ಮಸಿಯಾಗುತ್ತೆ. ಅಕ್ಷರದ ಅಳತೆಯನ್ನೂ 12ರಿಂದ 14 ಮಾಡಿ, ದಪ್ಪ ಅಕ್ಷರ ಬೇಡ. ಮತ್ತೆ, ಕಾರ್ಬನ್‌ಲೆಸ್ ಕಾಪಿಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಡಬೇಡಿ. ಅಕ್ಷರ ಮಾಸುತ್ತೆ. ರಟ್ಟಿನ ಫೈಲ್ ಸಾಕು.

ಗದಗ ಶೇಂಗಾ

ನಾವೂ ಶೇಂಗಾ ಪಟ್ಟಿಗೆ ಇದನ್ನೇ ಮಾಡಬೇಕು ಅಂತಿದ್ದೇವೆ. ಅಣ್ಣಾರೇ, ನಿಮ್ಮ ಫಾರಂ ಅಳತೆ ಕೊಡುತ್ತೀರಾ?

ಬ್ಯಾಡಗಿ ದಲಾಲಿ

ಖಂಡಿತ ಕೊಡುತ್ತೇನೆ. 10 ಇಂಚು ಅಗಲ, 6 ಇಂಚು ಉದ್ದ, ಮೂರು ಪ್ರತಿ. ಎರಡೂ ಅಂಚಿನಲ್ಲಿ ತೂತು ಇರುವ ಕಂಪ್ಯೂಟರ್ ಪೇಪರ್. ಇಂಚಿಗೆ 6 ಸಾಲಿನ ಲೆಕ್ಕದಲ್ಲಿ 36 ಸಾಲು. ಮೇಲಿನ 8 ಸಾಲು ಅಂಗಡಿ ಹೆಸರಿಗೆ, 9ರಲ್ಲಿ ರೈತರ ಹೆಸರು, 11ರಲ್ಲಿ ಊರು, 14ರಿಂದ 24 ಚೀಲ, ತೂಕ, ದರ. ಕಡಿತಗಳು 26ರಿಂದ. ಕೊನೆಯ 3 ಸಾಲು ಖಾಲಿ ಬಿಡಿ, ಹಾಳೆ ಹರಿದು ತೆಗೆಯುವ ಜಾಗದ ಹತ್ತಿರ ಅಂಕಿ ಬರಬಾರದು. ಪ್ರೆಸ್ಸಿನವರಿಗೆ ಗೆರೆಗಳನ್ನು ತಿಳಿ ಬಣ್ಣದಲ್ಲಿ ಹಾಕಲು ಹೇಳಿ. ನಾವು ಮೊದಲ ಸಲ ಕಪ್ಪು ಹಾಕಿಸಿದ್ದೆವು, ಅಂಕಿಗಳು ಗೆರೆಯಲ್ಲಿ ಮುಳುಗಿಹೋದವು.